ಲೋಹಾಫೆಕ್ಸ್: ಮುಂದೆ ಹಡಗು, ಹಿಂದೆ ಕಾನೂನು

ಕನ್ನಡದಲ್ಲಿ ಲೋಹ ಅಂದ್ರೆ ಚಿನ್ನ, ತಾಮ್ರ ಎಲ್ಲವೂ. ಹಿಂದಿಯಲ್ಲಿ ‘ಲೋಹಾ’ ಅಂದ್ರೆ ಕಬ್ಬಿಣ. ಆ ಹಿಂದಿ ಪದವನ್ನೇ ಹೊತ್ತ ಪ್ರಯೋಗವೊಂದರ ಕಥೆ ಇದು: ‘ಲೋಹಾಫೆಕ್ಸ್’.

ದಕ್ಷಿಣ ಸಾಗರದ ನೀರಲ್ಲಿ ಕಬ್ಬಿಣ ಕಮ್ಮಿ. ಸ್ವಲ್ಪ ಬೆರೆಸಿದರೆ ಪಾಚಿ ಬೆಳೆದು, ಇಂಗಾಲ ಹೀರಿ, ಸತ್ತು ತಳ ಸೇರುತ್ತೆ ಅನ್ನೋದು ಲೆಕ್ಕಾಚಾರ. ಇದನ್ನು ಪರೀಕ್ಷಿಸೋಕೆ 2009ರ ಜನವರಿಯಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ವಿಜ್ಞಾನಿಗಳು ‘ಪೋಲಾರ್‌ಸ್ಟರ್ನ್’ ಹಡಗಲ್ಲಿ ಕೇಪ್‌ಟೌನ್‌ನಿಂದ ಹೊರಟರು.

ಹೊರಟಿದ್ದೇ ತಡ, ತಕರಾರು! 2008ರ ಮೇ ತಿಂಗಳಲ್ಲಿ ಬಾನ್ ನಗರದಲ್ಲಿ ಸೇರಿದ್ದ ಜೀವವೈವಿಧ್ಯ ಒಪ್ಪಂದದ ದೇಶಗಳು, ಕರಾವಳಿ ನೀರಿನ ಸಣ್ಣ ಸಂಶೋಧನೆ ಬಿಟ್ಟು ಇಂಥದ್ದು ಸದ್ಯಕ್ಕೆ ಬೇಡ ಅಂದಿದ್ದವು. ಜರ್ಮನಿಯ ಪರಿಸರ ಸಚಿವಾಲಯ ‘ನಿಲ್ಲಿಸಿ’ ಅಂತು. ಅಲ್ಲಿನದೇ ಸಂಶೋಧನಾ ಸಚಿವಾಲಯ ತಜ್ಞರನ್ನು ಕೇಳಿ, ಜನವರಿ 26ರಂದು ‘ಸರಿ’ ಅಂತು. ಹಡಗು ಆಗಲೇ ನಡುಸಮುದ್ರದಲ್ಲಿ!

300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಬಿತ್ತು. ಪಾಚಿಯೇನೋ ಬೆಳೆಯಿತು. ಆದರೆ ಅಲ್ಲಿ ಸಿಲಿಕಾ ಇಲ್ಲದ್ದರಿಂದ ಗಟ್ಟಿ ಕವಚದ ಡಯಾಟಮ್‌ಗಳು ಹೆಚ್ಚಲಿಲ್ಲ. ಬೆಳೆದ ಮೆದು ಪಾಚಿಯನ್ನು ಕೋಪೆಪಾಡ್ ಎಂಬ ಪುಟಾಣಿ ಜೀವಿಗಳು ಮೇದುಬಿಟ್ಟವು. ತಳ ಸೇರಿದ ಇಂಗಾಲ ಅತ್ಯಲ್ಪ.

ಪ್ರಯೋಗ ಮಾಡದಿದ್ರೆ ಇದು ಗೊತ್ತಾಗ್ತಿರಲಿಲ್ಲ, ಒಪ್ತೀನಿ. ಆದ್ರೆ ಎಲ್ಲರ ಕಡಲಿಗೆ ಎರಡು ದೇಶಗಳ ಒಪ್ಪಿಗೆ ಸಾಕಾ? 2013ರಲ್ಲಿ ಲಂಡನ್ ಪ್ರೋಟೋಕಾಲ್‌ಗೆ ತಿದ್ದುಪಡಿ ತಂದು, ಸಂಶೋಧನೆಗೆ ಮಾತ್ರ ಅವಕಾಶ, ಅದಕ್ಕೂ ಮೊದಲೇ ಪರವಾನಗಿ ಬೇಕು ಅಂತ ಬರೆದರು. ಅದು ಜಾರಿಯಾಗಲು ಮೂರನೇ ಎರಡರಷ್ಟು ಸದಸ್ಯ ದೇಶಗಳು ಒಪ್ಪಬೇಕು. ಅಷ್ಟು ದೇಶಗಳು ಇನ್ನೂ ಒಪ್ಪಿಲ್ಲ.

ಮುಂದಿನ ಹಡಗು ಅಲ್ಲೀವರೆಗೆ ಕಾಯುತ್ತಾ? ನೀವೇನಂತೀರಿ?