ಕಾಕತಿ–ಬೆಳಗಾವಿ ಸೀಮೆಯಲ್ಲಿ ಟಿವಿ ಗೇಮ್: ಪರದೆಯೊಂದಿಗೆ ಬದಲಾದ ಚಿತ್ರ

ಟಿವಿ ಗೇಮಿನ ಚಿತ್ರದಲ್ಲಿ ಅರ್ಧ ಪಾಲು ಗೇಮಿನ ಡಬ್ಬಿಯದು, ಉಳಿದರ್ಧ ಪರದೆಯದು. 1980 ಮತ್ತು 90ರ ದಶಕದ ಆಟಗಳಿಗೆ ಬಣ್ಣ ಹಚ್ಚಿದವರು ಪಿಕ್ಚರ್ ಟ್ಯೂಬಿನ ಟಿವಿಯನ್ನು ಎದುರಿಗಿಟ್ಟುಕೊಂಡೇ ಕೆಲಸ ಮಾಡಿದ್ದರು. ಅದೇ ಡಬ್ಬಿಯನ್ನು ಈಗಿನ ತೆಳು ಟಿವಿಗೆ ಜೋಡಿಸಿದರೆ ಚಿತ್ರ ಮಸುಕಾಗಿ, ಅಗಲಕ್ಕೆ ಎಳೆದಂತೆ ಕಾಣುವುದು ಈ ಕಾರಣಕ್ಕೆ. ಹೀಗಾಗಿ ಒಂದು ಸೀಮೆಗೆ ಯಾವ ಟಿವಿ, ಯಾವ ಸಾಕೆಟ್, ಯಾವ ತಂತಿ ಯಾವಾಗ ಬಂತು ಎಂಬುದೇ ಅಲ್ಲಿನ ಗೇಮಿನ ಚಿತ್ರದ ಇತಿಹಾಸವೂ ಹೌದು.

ಬೆಳಗಾವಿಯ ಉತ್ತರಕ್ಕೆ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಕಾಕತಿ ಕಿತ್ತೂರು ರಾಣಿ ಚನ್ನಮ್ಮನ ಹುಟ್ಟೂರು. ಈ ಸೀಮೆಗೆ ಟಿವಿ ತಡವಾಗಿಯೇ ಬಂತು. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸಿದ ‘ಸೈಟ್’ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದವು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಪಕ್ಕದ ಬೆಳಗಾವಿ ಆ ಪಟ್ಟಿಯಲ್ಲಿರಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಶುರುವಾಯಿತು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. 1984ರಲ್ಲಿ ಕೆಲವು ತಿಂಗಳು ದೇಶದಲ್ಲಿ ಹೆಚ್ಚುಕಡಿಮೆ ದಿನಕ್ಕೊಂದರಂತೆ ಮರುಪ್ರಸಾರ ಕೇಂದ್ರಗಳು ತೆರೆದವು. ಜಿಲ್ಲಾ ಊರುಗಳ ಮನೆಗಳ ಮೇಲೆ ಆ್ಯಂಟೆನಾ ಕಂಬಗಳು ಎದ್ದು ನಿಂತದ್ದು ಆ ದಶಕದಲ್ಲಿ.

ಭಾರತ ಆರಿಸಿಕೊಂಡ ಪ್ರಸಾರ ಪದ್ಧತಿ ಪಾಲ್. ಇದರಲ್ಲಿ ಚಿತ್ರವೊಂದಕ್ಕೆ 625 ಗೆರೆ. ಸೆಕೆಂಡಿಗೆ 25 ಚಿತ್ರ. ಪ್ರತಿ ಚಿತ್ರವನ್ನೂ ಬೆಸ ಗೆರೆ, ಸರಿ ಗೆರೆ ಎಂದು ಎರಡು ಪಾಲು ಮಾಡಿ ಕಳಿಸುವುದರಿಂದ ಪರದೆ ಸೆಕೆಂಡಿಗೆ 50 ಸಲ ಬೆಳಗುತ್ತದೆ. ಜಪಾನ್ ಮತ್ತು ಅಮೆರಿಕದಲ್ಲಿದ್ದದ್ದು ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ ಸುಮಾರು 60 ಸಲ. ಗೇಮುಗಳು ಹುಟ್ಟಿದ್ದು 60ರ ನಾಡಿನಲ್ಲಿ, ಇಲ್ಲಿ ಆಡಿದ್ದು 50ರ ಟಿವಿಯಲ್ಲಿ. ಮುಂದಿನ ತೊಡಕುಗಳಲ್ಲಿ ಹಲವು ಇದರಿಂದಲೇ ಹುಟ್ಟಿದವು.

ಪಾರ್ಲರಿನ ಚಿತ್ರ, ಮನೆಯ ಚಿತ್ರ

ಕರ್ನಾಟಕದ ನಗರಗಳಲ್ಲಿ ವಿಡಿಯೊ ಗೇಮ್ ಮೊದಲು ಹೆಸರು ಮಾಡಿದ್ದು, ಹೆಸರು ಕೆಡಿಸಿಕೊಂಡದ್ದೂ ಪಾರ್ಲರುಗಳಲ್ಲಿ. ಹಣ ತೆತ್ತು ಆಡುವ ಈ ಯಂತ್ರಗಳಿಗೆ ಪೊಲೀಸ್ ಪರವಾನಗಿ ಬೇಕೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 1995ರಲ್ಲಿ ಎಂ. ಜೆ. ಸಿವಾನಿ ಪ್ರಕರಣದಲ್ಲಿ ನ್ಯಾಯಾಲಯ ಪರವಾನಗಿ ನಿಯಮವನ್ನು ಎತ್ತಿಹಿಡಿಯಿತು. ಚಿತ್ರದ ಮಟ್ಟಿಗೆ ಮಾತ್ರ ಪಾರ್ಲರಿನ ಯಂತ್ರವೇ ಮೇಲಿತ್ತು. ಅದರ ಒಳಗಿನ ಸರ್ಕ್ಯೂಟಿನಿಂದ ಕೆಂಪು, ಹಸಿರು, ನೀಲಿ ಸಂಕೇತಗಳು ಬೇರೆಬೇರೆ ತಂತಿಯಲ್ಲಿ ನೇರವಾಗಿ ಪಿಕ್ಚರ್ ಟ್ಯೂಬಿಗೆ ಹೋಗುತ್ತಿದ್ದವು. ನಡುವೆ ಎಲ್ಲೂ ಬೆರೆಯದ ಕಾರಣ ಬಣ್ಣ ಗಟ್ಟಿಯಾಗಿ, ಅಂಚು ಚೂಪಾಗಿ ಕಾಣುತ್ತಿತ್ತು.

ಮನೆಗೆ ಬಂದದ್ದು ಬೇರೆಯೇ ಸರಕು. ಜಪಾನಿನ ನಿಂಟೆಂಡೊ 1983ರ ಜುಲೈ 15ರಂದು ‘ಫ್ಯಾಮಿಕಾಮ್’ ಎಂಬ ಗೇಮ್ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ತೈವಾನಿನ ಯುಎಂಸಿಯಂಥ ಕಂಪನಿಗಳು ಅದರ ಚಿಪ್ಪುಗಳ ಪ್ರತಿರೂಪ ಮಾಡಿದವು. ಅವನ್ನು ತುಂಬಿಕೊಂಡ ಅಗ್ಗದ ಡಬ್ಬಿಗಳು 1990ರ ದಶಕದಲ್ಲಿ ಭಾರತದಲ್ಲಿ ಹರಡಿದವು. ‘ಸಮುರಾಯ್’, ‘ಮೀಡಿಯಾ’, ‘ಲಿಟಲ್ ಮಾಸ್ಟರ್’, ‘ಟರ್ಮಿನೇಟರ್’ ಎಂಬ ಹೆಸರುಗಳಲ್ಲಿ ಬಂದ ಇವುಗಳಿಗೆ ಜನ ಇಟ್ಟ ಹೆಸರು ಒಂದೇ: ಟಿವಿ ಗೇಮ್. ಒಳಗೆ ಸುರುಳಿಯ ಟೇಪು ಇಲ್ಲದಿದ್ದರೂ ಆಟದ ಕಾರ್ಟ್ರಿಡ್ಜಿಗೆ ‘ಕ್ಯಾಸೆಟ್’ ಎಂಬ ಹೆಸರೇ ನಿಂತಿತು. ಕಂಪನಿಯ ಅಸಲಿ ಯಂತ್ರಗಳು ದುಬಾರಿ. ಸೆಗಾದ ಮೆಗಾಡ್ರೈವ್ ಯಂತ್ರವನ್ನು 1995ರಲ್ಲಿ ಶಾ ವ್ಯಾಲೇಸ್ ಕಂಪನಿಯ ಮೂಲಕ ಇಲ್ಲಿ ಮಾರಿದಾಗ ಬೆಲೆ 18,000 ರೂಪಾಯಿ. ಆಮದು ಸುಂಕ ಶೇ. 80ರಷ್ಟಿತ್ತು.

ಆ್ಯಂಟೆನಾ ಸಾಕೆಟ್ಟಿನ ಕಾಲ

ಆ ಕಾಲದ ಬಹುಪಾಲು ಟಿವಿಗಳಿಗೆ ಹೊರಗಿನಿಂದ ಚಿತ್ರ ಕೊಡಲು ಇದ್ದ ದಾರಿ ಆ್ಯಂಟೆನಾ ಸಾಕೆಟ್ ಒಂದೇ. ಹೀಗಾಗಿ ಗೇಮಿನ ಡಬ್ಬಿಯೊಳಗೆ ಆರ್‌ಎಫ್ ಮಾಡ್ಯುಲೇಟರ್ ಎಂಬ ಪುಟ್ಟ ತಗಡಿನ ಪೆಟ್ಟಿಗೆ ಇರುತ್ತಿತ್ತು. ಅದು ಚಿತ್ರ ಮತ್ತು ಧ್ವನಿಯನ್ನು ಒಂದು ಟಿವಿ ಚಾನೆಲಿನ ತರಂಗಕ್ಕೆ ಏರಿಸಿ ಕಳಿಸುತ್ತಿತ್ತು. ಟಿವಿಯ ಪಾಲಿಗೆ ಗೇಮ್ ಎಂದರೆ ಇನ್ನೊಂದು ದೂರದರ್ಶನ. ಚಾನೆಲ್ ಗುಂಡಿ ಒತ್ತಿ, ಸಣ್ಣ ತಿರುಪು ಚಕ್ರದಲ್ಲಿ ಫೈನ್ ಟ್ಯೂನಿಂಗ್ ಮಾಡುತ್ತ, ಚುಕ್ಕೆಗಳ ನಡುವಿನಿಂದ ಆಟದ ನಾಯಕ ಮಾರಿಯೊ ಮೂಡಿ ಬರುವವರೆಗೆ ತಿರುಗಿಸಬೇಕಿತ್ತು. ಚಿತ್ರ ಸರಿಯಾದಲ್ಲಿ ಧ್ವನಿ ಗೊರಗೊರ, ಧ್ವನಿ ಸರಿಯಾದಲ್ಲಿ ಬಣ್ಣ ಮಾಯ. ಇವೆರಡರ ನಡುವಿನ ಕೂದಲೆಳೆಯ ಜಾಗ ಹುಡುಕುವುದೇ ಆಗಿನ ಕೈಚಳಕ.

ತಂತಿಯ ಗೋಳು ಬೇರೆ. ಆ್ಯಂಟೆನಾದಿಂದ ಇಳಿದು ಬರುತ್ತಿದ್ದುದು ಹೆಚ್ಚಾಗಿ 300 ಓಮಿನ ಚಪ್ಪಟೆ ಜೋಡಿ ತಂತಿ. ಗೇಮಿನಿಂದ ಹೊರಡುತ್ತಿದ್ದುದು 75 ಓಮಿನ ದುಂಡು ಕೇಬಲ್. ಎರಡಕ್ಕೂ ಹೊಂದಿಕೆಯಾಗಲು ನಡುವೆ ‘ಬ್ಯಾಲನ್’ ಎಂಬ ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು. ಅದಿಲ್ಲದೆ ತಂತಿಯನ್ನು ಸುಲಿದು ನೇರ ಸಿಕ್ಕಿಸಿದರೆ ಸಂಕೇತದ ಒಂದು ಪಾಲು ತಿರುಗಿ ಹೋಗಿ, ಪ್ರತಿ ಆಕಾರದ ಪಕ್ಕದಲ್ಲಿ ಅದರದೇ ತೆಳು ನೆರಳು ಬೀಳುತ್ತದೆ. ಚಪ್ಪಟೆ ತಂತಿ ಒದ್ದೆಯಾದರೆ ಸಂಕೇತವನ್ನು ಇನ್ನಷ್ಟು ಕಳೆದುಕೊಳ್ಳುತ್ತದೆ. ಮಳೆಗಾಲ ಜೋರಾಗಿರುವ ಬೆಳಗಾವಿ, ಖಾನಾಪುರದ ಕಡೆ ಈ ತೊಂದರೆ ವರ್ಷಕ್ಕೆ ನಾಲ್ಕು ತಿಂಗಳ ಮಾತು. ಗೇಮ್ ಆಡುವಾಗ ಆ್ಯಂಟೆನಾ ತಂತಿಯನ್ನು ಪೂರ್ತಿ ಬಿಚ್ಚಿದರೆ ಹೊರಗಿನ ಸಂಕೇತ ಒಳನುಗ್ಗದೆ ಚಿತ್ರ ತಿಳಿಯಾಗುತ್ತಿತ್ತು.

50 ಮತ್ತು 60ರ ಲೆಕ್ಕ

ಫ್ಯಾಮಿಕಾಮಿನ ಚಿತ್ರ 256 ಚುಕ್ಕೆ ಅಗಲ, 240 ಗೆರೆ ಎತ್ತರ. ಎನ್‌ಟಿಎಸ್‌ಸಿ ಟಿವಿಯಲ್ಲಿ ಇದು ಪರದೆ ತುಂಬಿ, ಅಂಚಿನ ಕೆಲವು ಗೆರೆಗಳು ಚೌಕಟ್ಟಿನ ಮರೆಗೆ ಹೋಗುತ್ತವೆ. ಪಾಲ್ ಪದ್ಧತಿಯ ಪ್ರತಿ ಪಾಲಿನಲ್ಲಿ ಕಾಣುವ ಗೆರೆಗಳು 288. ಮಿಕ್ಕ 48 ಗೆರೆಗಳು ಖಾಲಿ ಉಳಿದು ಮೇಲೆ ಕೆಳಗೆ ಕಪ್ಪು ಪಟ್ಟಿಯಾಗುತ್ತವೆ. ನಡುವಿನ ಚಿತ್ರ ತುಸು ಕುಳ್ಳಗೆ ಕಾಣುತ್ತದೆ.

ವೇಗದಲ್ಲೂ ವ್ಯತ್ಯಾಸವಿತ್ತು. ಈ ಆಟಗಳ ಗಡಿಯಾರ ನಡೆಯುವುದು ಪರದೆ ಬೆಳಗುವ ಎಣಿಕೆಯ ಮೇಲೆ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಮೇಲೆ ಬಲಕ್ಕೆ ಕಾಣುವ ಸಮಯದ ಅಂಕಿ ಪ್ರತಿ 24 ಬೆಳಗಿಗೆ ಒಂದು ಇಳಿಯುತ್ತದೆ. 400ರಿಂದ ಸೊನ್ನೆಗೆ ಬರಲು 9,600 ಬೆಳಗು ಬೇಕು. ಜಪಾನಿನ ಟಿವಿಯಲ್ಲಿ ಅದು ಸುಮಾರು 160 ಸೆಕೆಂಡು, ಭಾರತದ ಟಿವಿಯಲ್ಲಿ 192. ಮಾರಿಯೊನ ಓಟ, ಆಮೆಗಳ ನಡಿಗೆ, ಹಾಡಿನ ತಾಳ ಎಲ್ಲವೂ ಆರನೇ ಒಂದು ಪಾಲು ನಿಧಾನ. ಪಾಲ್ ನಾಡುಗಳಿಗೆಂದು ಮಾಡಿದ ಪ್ರತಿರೂಪ ಚಿಪ್ಪುಗಳು ಗೆರೆಗಳ ಕೊನೆಗೆ ಖಾಲಿ ಅವಧಿಯನ್ನು ಸೇರಿಸಿ, ಉಳಿದ ಅಳತೆಗಳನ್ನು ಜಪಾನಿನಂತೆಯೇ ಉಳಿಸಿಕೊಂಡವು. ಆದ್ದರಿಂದ ಜಪಾನಿನ ಆಟ ನಿಧಾನವಾದರೂ ಚಿತ್ರ ಒಡೆಯಲಿಲ್ಲ. ಇಲ್ಲಿನ ಮಕ್ಕಳು ಕಲಿತದ್ದು ಈ ನಿಧಾನದ ಮಾರಿಯೊನನ್ನೇ.

ವಿದೇಶದಿಂದ ನೆಂಟರು ತಂದ ಎನ್‌ಟಿಎಸ್‌ಸಿ ಯಂತ್ರವನ್ನು ಪಾಲ್ ಮಾತ್ರ ಬಲ್ಲ ಟಿವಿಗೆ ಜೋಡಿಸಿದರೆ ಚಿತ್ರ ಕಪ್ಪು-ಬಿಳುಪಾಗುತ್ತದೆ. ಪಾಲ್‌ನಲ್ಲಿ ಬಣ್ಣವನ್ನು ಹೊರುವ ತರಂಗ 4.43 ಮೆಗಾಹರ್ಟ್ಸ್, ಎನ್‌ಟಿಎಸ್‌ಸಿಯಲ್ಲಿ 3.58. ಟಿವಿ ತನ್ನ ತರಂಗ ಸಿಗದೆ ಬಣ್ಣದ ಭಾಗವನ್ನೇ ಬಿಟ್ಟುಬಿಡುತ್ತದೆ. ಯಂತ್ರ ಕೆಟ್ಟಿದೆ ಎಂದು ರಿಪೇರಿಗೆ ಒಯ್ದರೂ ಅದರಲ್ಲಿ ದೋಷ ಸಿಗುವುದಿಲ್ಲ.

ಹಳದಿ ಪಿನ್

ವಿಸಿಆರ್, ಆಮೇಲೆ 1990ರ ದಶಕದ ಕೊನೆಗೆ ವಿಸಿಡಿ ಪ್ಲೇಯರ್ ಮನೆಗೆ ಬಂದಂತೆ ಒನಿಡಾ, ವಿಡಿಯೊಕಾನ್, ಬಿಪಿಎಲ್ ಮೊದಲಾದ ಟಿವಿಗಳಲ್ಲಿ ಎವಿ ಸಾಕೆಟ್ ಸಾಮಾನ್ಯವಾಯಿತು: ಚಿತ್ರಕ್ಕೆ ಹಳದಿ ಪಿನ್, ಧ್ವನಿಗೆ ಬಿಳಿ, ಕೆಂಪು. ಹಳದಿ ಪಿನ್ ಚಾನೆಲಿನ ತರಂಗದ ಸಹವಾಸವನ್ನೇ ತಪ್ಪಿಸಿತು. ಚುಕ್ಕೆ, ನೆರಳು, ಟ್ಯೂನಿಂಗ್ ಮೂರೂ ಹೋದವು.

ಆದರೂ ಆ ಒಂದೇ ತಂತಿಯಲ್ಲಿ ಬೆಳಕು ಮತ್ತು ಬಣ್ಣ ಒಟ್ಟಿಗೆ ಹರಿಯುತ್ತವೆ. ಟಿವಿ ಅವನ್ನು ಮತ್ತೆ ಬೇರ್ಪಡಿಸುವಾಗ ಅಂಚುಗಳಲ್ಲಿ ಬಣ್ಣ ಸೋರುತ್ತದೆ. ಕಲಾವಿದರು ಈ ಸೋರಿಕೆಯನ್ನೂ ಕೆಲಸಕ್ಕೆ ಹಚ್ಚಿದರು. 1991ರ ‘ಸೋನಿಕ್’ ಆಟದ ಮೊದಲ ಹಂತದಲ್ಲಿ ಜಲಪಾತವಿದೆ. ಅದನ್ನು ಬರೆದದ್ದು ಒಂದು ಗೆರೆ ನೀರು, ಒಂದು ಗೆರೆ ಖಾಲಿ ಎಂಬಂತೆ ಉದ್ದುದ್ದ ಪಟ್ಟಿಗಳಲ್ಲಿ. ಹಳದಿ ಪಿನ್ನಿನಲ್ಲಿ ಪಟ್ಟಿಗಳು ಒಂದರೊಳಗೊಂದು ಕರಗಿ, ಹಿಂದಿನ ಬಂಡೆ ಕಾಣುವಷ್ಟು ತಿಳಿಯಾದ ನೀರಾಗುತ್ತವೆ. ಶುದ್ಧ ಸಂಕೇತ ಕೊಟ್ಟ ಚೂಪಾದ ಪರದೆಯಲ್ಲಿ ಅದೇ ಜಲಪಾತ ಬಿದಿರಿನ ತಟ್ಟಿಯಂತೆ ಕಾಣುತ್ತದೆ. ಸ್ಪಷ್ಟ ಚಿತ್ರವೇ ಸರಿಯಾದ ಚಿತ್ರ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗದು.

ಪಿಕ್ಚರ್ ಟ್ಯೂಬ್ ಮಾಡುತ್ತಿದ್ದ ಕೆಲಸ

ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತ ಕೆಳಗಿಳಿಯುತ್ತದೆ; ಪಾಲ್‌ನಲ್ಲಿ ಸೆಕೆಂಡಿಗೆ 15,625 ಗೆರೆ. ಕಿರಣ ತಾಗಿದ ಫಾಸ್ಫರ್ ಕ್ಷಣ ಮಾತ್ರ ಬೆಳಗಿ ಆರುತ್ತದೆ. ದೂರದರ್ಶನ ಬೆಸ ಗೆರೆಯ ನಡುವೆ ಸರಿ ಗೆರೆ ಕೂರಿಸುತ್ತಿದ್ದರೆ, ಗೇಮಿನ ಡಬ್ಬಿ ಪ್ರತಿ ಸಲವೂ ಅದೇ ಗೆರೆಗಳ ಮೇಲೆ ಬರೆಯುತ್ತಿತ್ತು. ನಡುವಿನ ಗೆರೆಗಳು ಕತ್ತಲಾಗಿಯೇ ಉಳಿದು ಚಿತ್ರಕ್ಕೆ ನೇಯ್ದ ಬಟ್ಟೆಯ ಕಳೆ ಬರುತ್ತಿತ್ತು. ಒರಟು ಚೌಕಗಳು ಕಣ್ಣಿಗೆ ಹೊಡೆಯದಂತೆ ಮರೆಸುತ್ತಿದ್ದುದು ಈ ಗೆರೆಗಳು.

ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ ಆಟದ ಪಿಸ್ತೂಲು ಈ ಟ್ಯೂಬನ್ನೇ ನಂಬಿತ್ತು. ಕುದುರೆ ಎಳೆದೊಡನೆ ಪರದೆ ಒಂದು ಬೆಳಗು ಪೂರ್ತಿ ಕಪ್ಪಾಗುತ್ತದೆ; ಮರುಬೆಳಗಿಗೆ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಪಿಸ್ತೂಲಿನ ಬಾಯಲ್ಲಿರುವ ಬೆಳಕಿನ ಸಂವೇದಕ ಆ ಬಿಳುಪನ್ನು ಕಂಡರೆ ಹಕ್ಕಿ ಬಿತ್ತು. ತೆಳು ಟಿವಿ ಚಿತ್ರವನ್ನು ಕೆಲವು ಬೆಳಗು ತಡವಾಗಿ ತೋರಿಸುತ್ತದೆ, ಟ್ಯೂಬಿನ ಹಾಗೆ ಮಿಡಿಯುವುದೂ ಇಲ್ಲ. ಅದರೆದುರು ಈ ಪಿಸ್ತೂಲು ಕೆಲಸ ಮಾಡುವುದಿಲ್ಲ.

ಟ್ಯೂಬಿನ ಟಿವಿಗೆ ತನ್ನದೇ ಆರೈಕೆ ಬೇಕಿತ್ತು. ವೋಲ್ಟೇಜ್ ಇಳಿದರೆ ಚಿತ್ರ ಅಂಚಿನಿಂದ ಒಳಕ್ಕೆ ಕುಗ್ಗುತ್ತಿತ್ತು. ಟಿವಿಯ ಪಕ್ಕ ಸ್ಟೆಬಿಲೈಸರ್ ಕೂತದ್ದು ಇದಕ್ಕೇ. ಸ್ಪೀಕರಿನ ಅಯಸ್ಕಾಂತ ಹತ್ತಿರ ಬಂದರೆ ಮೂಲೆಯಲ್ಲಿ ಹಸಿರು, ನೇರಳೆ ಕಲೆ ಕೂರುತ್ತಿತ್ತು. ಟಿವಿಯನ್ನು ಆರಿಸಿ ತಣ್ಣಗಾದ ಮೇಲೆ ಮತ್ತೆ ಹಚ್ಚಿದರೆ ಒಳಗಿನ ಸುರುಳಿ ‘ಗುಂಯ್’ ಎಂದು ಆ ಕಲೆಯನ್ನು ಅಳಿಸುತ್ತಿತ್ತು.

ತೆಳು ಪರದೆ ಬಂದ ಮೇಲೆ

ಸೋನಿಯ ಪ್ಲೇಸ್ಟೇಷನ್ (1994) ಮತ್ತು ಪ್ಲೇಸ್ಟೇಷನ್ 2 (2000) ಬಂದಾಗಲೂ ಮನೆಗಳಲ್ಲಿ ಹೆಚ್ಚಾಗಿ ಬಳಕೆಯಾದದ್ದು ಹಳದಿ ಪಿನ್ನೇ. ಬೆಳಕು ಮತ್ತು ಬಣ್ಣವನ್ನು ಬೇರ್ಪಡಿಸಿ ಒಯ್ಯುವ ಎಸ್-ವಿಡಿಯೊ, ಮೂರು ತಂತಿಯ ಕಾಂಪೊನೆಂಟ್ ಕೇಬಲ್ ಮೇಲ್ದರ್ಜೆಯ ಟಿವಿಗಳಿಗೆ ಸೀಮಿತ. ಯುರೋಪಿನ ಮನೆಗಳಲ್ಲಿದ್ದ ಸ್ಕಾರ್ಟ್ ಸಾಕೆಟ್ ಇಲ್ಲಿನ ಸಾಮಾನ್ಯ ಟಿವಿಗಳಿಗೆ ಬರಲೇ ಇಲ್ಲ.

ಎಲ್‌ಸಿಡಿ ಬಂದ ಮೇಲೆ ಪಿಕ್ಚರ್ ಟ್ಯೂಬಿನ ‘ಡಬ್ಬಾ ಟಿವಿ’ ಗುಜರಿಗೆ ಹೊರಟಿತು. ಹಳೆಯ ಡಬ್ಬಿಯನ್ನು ಹೊಸ ಟಿವಿಗೆ ಜೋಡಿಸಿದವರಿಗೆ ನಾಲ್ಕು ತೊಡಕು ಎದುರಾದವು. ಮೊದಲನೆಯದು, 240 ಗೆರೆಯ ಗೇಮ್ ಸಂಕೇತವನ್ನು ಟಿವಿ ದೂರದರ್ಶನದ ಬೆಸ-ಸರಿ ಸಂಕೇತ ಎಂದು ಬಗೆದು ಎರಡು ಬೆಳಗನ್ನು ಬೆರೆಸುತ್ತದೆ. ಓಡುವ ಆಕೃತಿ ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. ಕಾಂಪೊನೆಂಟ್ ಮೂಲಕ ಬಂದ 240 ಗೆರೆಯನ್ನು ಹಲವು ಟಿವಿಗಳು ತೋರಿಸುವುದೇ ಇಲ್ಲ. ಎರಡನೆಯದು, ಈ ಸಂಸ್ಕರಣೆಗೆ ಹೊತ್ತು ಹಿಡಿದು, ಗುಂಡಿ ಒತ್ತಿದ ಮೇಲೆ ಮಾರಿಯೊ ತಡವಾಗಿ ಹಾರುತ್ತಾನೆ. ಮೂರನೆಯದು, 4:3ರ ಚಿತ್ರ 16:9ಕ್ಕೆ ಎಳೆದು ಎಲ್ಲರೂ ದಪ್ಪಗಾಗುತ್ತಾರೆ. ನಾಲ್ಕನೆಯದು ಗುಣಾಕಾರದ ತೊಡಕು. 1080 ಗೆರೆಯ ಪರದೆಯನ್ನು 240ರಿಂದ ಭಾಗಿಸಿದರೆ ನಾಲ್ಕೂವರೆ. ಒಂದು ಚುಕ್ಕೆ ನಾಲ್ಕು ಗೆರೆ ದಪ್ಪ, ಪಕ್ಕದ್ದು ಐದು ಗೆರೆ ದಪ್ಪವಾಗಿ ಆಕಾರ ಅಂಕುಡೊಂಕಾಗುತ್ತದೆ. 720 ಗೆರೆಯ ಪರದೆಗೆ ಸರಿಯಾಗಿ ಮೂರು ಪಟ್ಟು, 2160 ಗೆರೆಯ 4ಕೆ ಪರದೆಗೆ ಸರಿಯಾಗಿ ಒಂಬತ್ತು ಪಟ್ಟು.

ಇವುಗಳಿಗೆ ಪರಿಹಾರಗಳೂ ಬಂದವು. ಅಂಗಡಿಯಲ್ಲಿ ಸಿಗುವ ಅಗ್ಗದ ಎವಿ–ಎಚ್‌ಡಿಎಂಐ ಕನ್ವರ್ಟರ್ ಸಾಕೆಟ್ಟಿನ ಕೊರತೆಯನ್ನಷ್ಟೇ ನೀಗುತ್ತದೆ. ಬೆರಕೆ, ತಡ, ಎಳೆತ ಹಾಗೇ ಉಳಿಯುತ್ತವೆ. ಹವ್ಯಾಸಿಗಳಿಗೆಂದೇ ಬಂದ ಒಎಸ್‌ಎಸ್‌ಸಿ, ರೆಟ್ರೊಟಿಂಕ್‌ನಂಥ ಸ್ಕೇಲರುಗಳು 240 ಗೆರೆಯನ್ನು 240 ಗೆರೆ ಎಂದೇ ಗುರುತಿಸಿ, ಪೂರ್ಣ ಗುಣಕದಲ್ಲಿ ಹಿಗ್ಗಿಸಿ, ಬೇಕಿದ್ದರೆ ನಡುವೆ ಕಪ್ಪು ಗೆರೆಯನ್ನೂ ಹಾಕಿ ಕೊಡುತ್ತವೆ. ಕಾಸು ಖರ್ಚಿಲ್ಲದೆ ಆಗುವ ಸುಧಾರಣೆ ಟಿವಿಯ ಮೆನುವಿನಲ್ಲೇ ಇದೆ: ‘ಗೇಮ್ ಮೋಡ್’ ಹಾಕುವುದು, ಅಳತೆಯನ್ನು 4:3 ಮಾಡುವುದು, ಚೂಪುಗೊಳಿಸುವ ‘ಶಾರ್ಪ್‌ನೆಸ್’ ಇಳಿಸುವುದು, ಚಲನೆ ನಯಗೊಳಿಸುವ ಸವಲತ್ತನ್ನು ಬಂದ್ ಮಾಡುವುದು.

ಡಬ್ಬಾ ಟಿವಿ ಇನ್ನೂ ಉಳಿದಿರುವ ಮನೆಯಲ್ಲಿ ಇದ್ಯಾವುದೂ ಬೇಕಿಲ್ಲ. ಹಳದಿ ಪಿನ್ ಸಿಕ್ಕಿಸಿದರೆ ಸಾಕು, ಪಿಸ್ತೂಲೂ ಕೆಲಸ ಮಾಡುತ್ತದೆ. ಅಂಥ ಟಿವಿಯ ಹಿಂಬದಿಯನ್ನು ಬಲ್ಲವರ ಹೊರತು ಯಾರೂ ಬಿಚ್ಚಬಾರದು. ಟ್ಯೂಬಿಗೆ ಕೊಡುವ ವೋಲ್ಟೇಜ್ 20,000ಕ್ಕೂ ಮಿಕ್ಕಿದ್ದು, ಪ್ಲಗ್ ಕಿತ್ತ ಮೇಲೂ ಒಳಗೆ ಉಳಿದಿರುತ್ತದೆ. ಗಾಜಿನಲ್ಲಿ ಸೀಸವಿರುವ ಕಾರಣ ಅದನ್ನು ಒಡೆದು ಬಿಸಾಡುವಂತೆಯೂ ಇಲ್ಲ. ಹಳೆಯ ಟಿವಿ ಸೇರಬೇಕಾದ್ದು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ. ಅದಕ್ಕೂ ಮೊದಲು, ಅಟ್ಟದ ಮೇಲೆ ಹಳೆಯ ಗೇಮಿನ ಡಬ್ಬಿ ಇದೆಯೇ ಎಂದು ನೋಡಿಕೊಳ್ಳುವುದು ಲೇಸು.