ಮೂವತ್ತು ಹಾಡುಗಳ ವ್ಯಾಜ್ಯ

ಈ ಕೃತಿ ಉದ್ದವಾಯಿತು, ಅರ್ಧಕ್ಕೆ ಇಳಿಸಿದ್ದರೆ ಚೆನ್ನಾಗಿರುತ್ತಿತ್ತು ಎಂಬ ಮಾತನ್ನು ಸಾಹಿತ್ಯದ ಪಾಠ ಹೇಳುವವರು ಮೇಲಿಂದ ಮೇಲೆ ಆಡುತ್ತಿರುತ್ತಾರೆ. ನಾನೂ ಆಡಿದವನೇ. ಇಂಥ ಮಾತಿಗೆ ಐವತ್ತು ವರ್ಷಕ್ಕೂ ಮೀರಿ ಗುರಿಯಾಗಿರುವ ಒಂದು ಕೃತಿಯ ಚರಿತ್ರೆಯನ್ನು ಇಂದು ಹೇಳಬೇಕೆಂದಿದ್ದೇನೆ. ಅದು ಕಾವ್ಯವಲ್ಲ, ಕಾದಂಬರಿಯಲ್ಲ. 1968ರ ನವೆಂಬರ್ 22ರಂದು ಇಂಗ್ಲೆಂಡಿನಲ್ಲಿ ಹೊರಬಂದ ಒಂದು ಜೊತೆ ಗ್ರಾಮಫೋನ್ ತಟ್ಟೆ. ಹಾಡಿದವರು ಲಿವರ್‌ಪೂಲಿನ ನಾಲ್ವರು ಬೀಟಲ್ಸ್: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್. ರಿಚರ್ಡ್ ಹ್ಯಾಮಿಲ್ಟನ್ ಎಂಬ ಕಲಾವಿದ ರೂಪಿಸಿದ ಅದರ ಹೊದಿಕೆ ಅಚ್ಚ ಬಿಳುಪು. ಮೇಲೆ ತಂಡದ ಹೆಸರು, ಒಂದು ಕ್ರಮಸಂಖ್ಯೆ, ಅಷ್ಟೆ. ಜನ ಅದನ್ನು ‘ವೈಟ್ ಆಲ್ಬಮ್’ ಎಂದೇ ಕರೆದರು.

ಇದು ಅವರ ಏರುಗಾಲದ ಕೃತಿಯಲ್ಲ. ಮೊದಲ ಎಲ್‌.ಪಿ. ತಟ್ಟೆ ಬಂದದ್ದು 1963ರಲ್ಲಿ. 1967ರ ‘ಸಾರ್ಜೆಂಟ್ ಪೆಪ್ಪರ್’ ಹೊತ್ತಿಗೆ ಅವರು ಕೀರ್ತಿಶಿಖರದಲ್ಲಿದ್ದರು. ಅದೇ ವರ್ಷದ ಆಗಸ್ಟಿನಲ್ಲಿ ತಂಡದ ವ್ಯವಸ್ಥಾಪಕ ಬ್ರಯನ್ ಎಪ್ಸ್ಟೀನ್ ತೀರಿಕೊಂಡ. 1968ರ ಫೆಬ್ರವರಿಯಲ್ಲಿ ನಾಲ್ವರೂ ನಮ್ಮ ಋಷಿಕೇಶಕ್ಕೆ, ಮಹೇಶ ಯೋಗಿಗಳ ಆಶ್ರಮಕ್ಕೆ ಧ್ಯಾನ ಕಲಿಯಲು ಬಂದರು. ರಿಂಗೊ ಸುಮಾರು ಹತ್ತು ದಿನಗಳಲ್ಲಿ ಹಿಂತಿರುಗಿದ. ಮೆಕಾರ್ಟ್ನಿ ಮಾರ್ಚಿನಲ್ಲಿ, ಉಳಿದಿಬ್ಬರು ಏಪ್ರಿಲಿನಲ್ಲಿ. ಬಿಡುವು ಬೇಕಾದಷ್ಟಿತ್ತು, ಕೈಯಲ್ಲಿ ಗಿಟಾರುಗಳಿದ್ದವು. ಹಾಡುಗಳು ರಾಶಿಯಾಗಿ ಹುಟ್ಟಿದವು. ಮೇ ತಿಂಗಳಲ್ಲಿ ಹ್ಯಾರಿಸನ್ನನ ಮನೆಯಲ್ಲಿ ಕುಳಿತು ಅವರು ಕರಡಾಗಿ ಮುದ್ರಿಸಿಕೊಂಡ 27 ಹಾಡುಗಳು 2018ರಲ್ಲಿ ಪ್ರಕಟವಾಗಿವೆ. ಅವುಗಳಲ್ಲಿ ಕೇಳಿಬರುವುದು ನಗು, ಸಲಿಗೆ. ಜಗಳ ಇನ್ನೂ ಬಂದಿಲ್ಲ.

ಅದು ಬಂದದ್ದು ಲಂಡನ್ನಿನ ಅಬಿ ರೋಡ್ ಸ್ಟುಡಿಯೊದಲ್ಲಿ. ಮೇ 30ರಿಂದ ಅಕ್ಟೋಬರ್ 14ರವರೆಗೆ ಧ್ವನಿಮುದ್ರಣ ನಡೆಯಿತು. ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ತಮ್ಮ ತಮ್ಮ ಹಾಡಿನ ಕೆಲಸ ಮಾಡುವುದು ಸಾಮಾನ್ಯವಾಯಿತು. ಜುಲೈಯಲ್ಲಿ ಜೆಫ್ ಎಮೆರಿಕ್ ಎಂಬ ಧ್ವನಿಮುದ್ರಣ ತಜ್ಞ ಕೆಲಸ ಬಿಟ್ಟು ಹೋದ. ಆಗಸ್ಟಿನಲ್ಲಿ ರಿಂಗೊನೇ ತಂಡ ತೊರೆದ. ಮೊದಲ ಎರಡು ಹಾಡುಗಳಲ್ಲಿ ಡ್ರಮ್ ಬಾರಿಸಿದವನು ಮೆಕಾರ್ಟ್ನಿ. ಎರಡು ವಾರ ಕಳೆದು ರಿಂಗೊ ಮರಳಿ ಬಂದಾಗ ಅವನ ವಾದ್ಯವನ್ನು ಹೂಗಳಿಂದ ಅಲಂಕರಿಸಿದ್ದರಂತೆ. ಪ್ರೀತಿ ಹೋಗಿರಲಿಲ್ಲ, ಒಟ್ಟಿಗಿರುವುದು ಕಷ್ಟವಾಗಿತ್ತು.

ಹೀಗೆ ಹುಟ್ಟಿದ 30 ಹಾಡುಗಳಲ್ಲಿ ಹದಿನಾಲ್ಕೋ ಹದಿನಾರೋ ಆರಿಸಿ ಒಂದೇ ತಟ್ಟೆ ಮಾಡಬೇಕೆಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಬಯಸಿದ್ದ. ಅವನ ಮಾತು ನಡೆಯಲಿಲ್ಲ. ವ್ಯಾಜ್ಯ ಅಲ್ಲಿಂದಲೇ ಮೊದಲು. ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಟೋನಿ ಪಾಮರ್, ಲೆನನ್ ಮತ್ತು ಮೆಕಾರ್ಟ್ನಿಯರನ್ನು ಶೂಬರ್ಟನ ಅನಂತರದ ಶ್ರೇಷ್ಠ ಗೀತಕಾರರೆಂದು ಕೊಂಡಾಡಿದ. ಕಾಳೆಷ್ಟೋ ಜೊಳ್ಳೂ ಅಷ್ಟೇ ಎಂದವರೂ ಇದ್ದರು. 1995ರಲ್ಲಿ ತಮ್ಮ ಚರಿತ್ರೆಯನ್ನು ತಾವೇ ದೂರದರ್ಶನದಲ್ಲಿ ಹೇಳಿದಾಗಲೂ ಆ ಸಂಬಂಧಪಟ್ಟವರು ಒಮ್ಮತಕ್ಕೆ ಬರಲಿಲ್ಲ.

ಈ ವ್ಯಾಜ್ಯದಲ್ಲಿ ನಾನೂ ಒಬ್ಬ ಕಕ್ಷಿ. ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬನ ಅಣ್ಣ ಈ ತಟ್ಟೆಗಳನ್ನು ತಂದಿದ್ದರು. ಅವುಗಳ ಅವಧಿ 93 ನಿಮಿಷ. ನಮ್ಮಲ್ಲಿದ್ದದ್ದು 60 ನಿಮಿಷದ ಒಂದು ಖಾಲಿ ಕ್ಯಾಸೆಟ್ಟು. ಮೂರರಲ್ಲೊಂದು ಪಾಲನ್ನು ಬಿಡಲೇಬೇಕು. ಇಡೀ ರಾತ್ರಿ ಚರ್ಚೆ ನಡೆಯಿತು. ‘ರೆವಲ್ಯೂಷನ್ 9’ ಅನ್ನು ಬಿಡುವುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ; ಅದು ರಾಗವಿಲ್ಲದ, ಟೇಪಿನ ತುಣುಕುಗಳನ್ನು ಅಂಟಿಸಿದ, ಎಂಟು ನಿಮಿಷ ದಾಟುವ ಗದ್ದಲ. ‘ಒಬ್ಲಾಡಿ ಒಬ್ಲಾಡಾ’ ಬಾಲಿಶವೆಂದು ನಾನು ತಳ್ಳಿಹಾಕಿದೆ. ಲೆನನ್ನನಿಗೂ ಅದು ಹಿಡಿಸಿರಲಿಲ್ಲವೆಂದು ಆಮೇಲೆ ಓದಿ ಹಿಗ್ಗಿದ್ದೂ ಉಂಟು. ಆದರೆ ಅದೇ ಹಾಡನ್ನು ಮಾರ್ಮಲೇಡ್ ಎಂಬ ಬೇರೊಂದು ತಂಡ ಹಾಡಿ 1969ರ ಜನವರಿಯಲ್ಲಿ ಬ್ರಿಟನ್ನಿನ ಮಾರಾಟಪಟ್ಟಿಯ ಮೊದಲ ಸ್ಥಾನಕ್ಕೇರಿತು. ಯಾರ ಜೊಳ್ಳು ಯಾರ ಕಾಳೋ!

ಅವರು ಸೋಸಲೇ ಇಲ್ಲ ಎನ್ನುವುದೂ ಸರಿಯಲ್ಲ. ಇದೇ ದಿನಗಳಲ್ಲಿ ಮುದ್ರಿತವಾದ ‘ಹೇ ಜೂಡ್’ ಬೇರೆ ತಟ್ಟೆಯಾಗಿ ಹೋಯಿತು. ಹ್ಯಾರಿಸನ್ನನ ‘ನಾಟ್ ಗಿಲ್ಟಿ’ಯನ್ನು ನೂರಕ್ಕೂ ಹೆಚ್ಚು ಸಲ ಪ್ರಯತ್ನಿಸಿ ಕೈಬಿಟ್ಟರು. ಉಳಿದವನ್ನು ಕ್ರಮಗೊಳಿಸಲು ಲೆನನ್, ಮೆಕಾರ್ಟ್ನಿ, ಮಾರ್ಟಿನ್ ಇಪ್ಪತ್ತನಾಲ್ಕು ಗಂಟೆ ಒಂದೇ ಸಮನೆ ಕುಳಿತರು.

ಆ ಕ್ರಮದ ಅರ್ಥ ನನಗೆ ತಿಳಿದದ್ದು ತೀರ ತಡವಾಗಿ, 2018ರಲ್ಲಿ ನಾಲ್ಕು ಮಗ್ಗುಲನ್ನೂ ಮೊದಲಿಂದ ಕೊನೆಯವರೆಗೆ ಕೇಳಿದಾಗ. ಮೂರನೆಯ ಮಗ್ಗುಲಿನ ಅಂತ್ಯದಲ್ಲಿ ‘ಹೆಲ್ಟರ್ ಸ್ಕೆಲ್ಟರ್’ ಎಂಬ ಅಬ್ಬರದ ಹಾಡು. ಅದರ ಬೆನ್ನಿಗೇ ಹ್ಯಾರಿಸನ್ನನ ‘ಲಾಂಗ್, ಲಾಂಗ್, ಲಾಂಗ್’, ಕಿವಿಗೊಟ್ಟರಷ್ಟೇ ಕೇಳುವ ಪ್ರಾರ್ಥನೆಯಂಥದು. ಕ್ಯಾಸೆಟ್ಟಿನಲ್ಲಿ ಮೊದಲನೆಯದನ್ನು ಉಳಿಸಿ ಎರಡನೆಯದನ್ನು ಬಿಟ್ಟಿದ್ದೆವು. ನಾಲ್ಕನೆಯ ಮಗ್ಗುಲಿನಲ್ಲಿ ಆ ‘ರೆವಲ್ಯೂಷನ್ 9’ರ ಗದ್ದಲ ಮುಗಿದೊಡನೆ ‘ಗುಡ್ ನೈಟ್’; ಲೆನನ್ ತನ್ನ ಐದು ವರ್ಷದ ಮಗನಿಗಾಗಿ ಬರೆದ, ರಿಂಗೊ ಹಾಡಿದ ಜೋಗುಳ. ಬೇರ್ಪಡಿಸಿ ಕೇಳಿದರೆ ಅದು ಅತಿ ಸಿಹಿ. ದುಃಸ್ವಪ್ನದಂಥ ಆ ಗದ್ದಲದ ಅನಂತರ ಕೇಳಿದರೆ ಹಣೆಯ ಮೇಲೆ ಯಾರೋ ಕೈಯಿಟ್ಟಂತಾಗುತ್ತದೆ.

ಕೆಲವು ದೋಷಗಳು ಅನಿತ್ಯ ಎನ್ನುತ್ತಾರೆ ನಮ್ಮ ಆಲಂಕಾರಿಕರು. ಶೃಂಗಾರದಲ್ಲಿ ದೋಷವೆನಿಸುವ ಕರ್ಕಶ ಶಬ್ದವೇ ರೌದ್ರದಲ್ಲಿ ಗುಣವಾಗುತ್ತದೆ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ ನಾನು, ಕೇಳುವಾಗ ಮಾತ್ರ ಮರೆತಿದ್ದೆ.

ಇನ್ನೂ ಒಂದು ಮಾತು. ‘ಜೂಲಿಯಾ’ದಲ್ಲಿ ಲೆನನ್ ಒಂಟಿ, ‘ಬ್ಲ್ಯಾಕ್‌ಬರ್ಡ್’ನಲ್ಲಿ ಮೆಕಾರ್ಟ್ನಿ ಒಂಟಿ. 1970ರ ಏಪ್ರಿಲಿನಲ್ಲಿ ಲೋಕಕ್ಕೆ ತಿಳಿದ ಅಗಲಿಕೆ ಇಲ್ಲಿ ಆಗಲೇ ಕೇಳಿಸುತ್ತದೆ. ಹದಿನಾಲ್ಕು ಹಾಡುಗಳ ನಯವಾದ ತಟ್ಟೆಯೊಂದು ಬಂದಿದ್ದರೆ, ಒಡೆಯುತ್ತಿದ್ದ ಮನೆಯೊಂದು ಒಗ್ಗಟ್ಟಾಗಿದೆಯೆಂದು ನಾವು ನಂಬುತ್ತಿದ್ದೆವು. ಲೆನನ್ 1980ರಲ್ಲಿ ಕೊಲೆಯಾದ. ಹ್ಯಾರಿಸನ್ 2001ರಲ್ಲಿ, ಮಾರ್ಟಿನ್ 2016ರಲ್ಲಿ ತೀರಿಕೊಂಡರು. ಆ ಮನೆ ಹೇಗಿತ್ತೆಂಬುದಕ್ಕೆ ಈ ಏರುಪೇರಿನ ತಟ್ಟೆಗಳೇ ನಂಬತಕ್ಕ ಸಾಕ್ಷಿ.

ಎಲ್ಲ ಹಾಡೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಒಂದು ನಿಮಿಷವೂ ಇಲ್ಲದ ‘ವೈಲ್ಡ್ ಹನಿ ಪೈ’ ಏಕೆ ಇದೆಯೆಂದು ನನಗೆ ಇಂದಿಗೂ ಹೊಳೆದಿಲ್ಲ. ಆದರೂ ಅದನ್ನು ಹಾರಿಸದೆ ಕೇಳುತ್ತೇನೆ. ಹಾಸ್ಟೆಲಿನ ಆ ಗೆಳೆಯನಿಗೆ ಮೊನ್ನೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ ಅವನು, “ಹದಿನಾಲ್ಕು ಸಾಕು ಮಾರಾಯ” ಎಂದ. ಅವನ ಪಟ್ಟಿಯಲ್ಲಿ ‘ಗುಡ್ ನೈಟ್’ ಈಗಲೂ ಇಲ್ಲ.