೧೯೭೭ರ ತೀರ್ಪನ್ನು ದೇಶ ಕೇಳಿಸಿಕೊಂಡ ಬಗೆ

ಚುನಾವಣೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮತಗಳ ಎಣಿಕೆ ಮುಗಿದಲ್ಲಿಗೆ ಲೇಖನಿಯನ್ನು ಕೆಳಗಿಡುತ್ತಾರೆ. ಯಾರು ಗೆದ್ದರು, ಯಾರು ಸೋತರು, ಅಂತರವೆಷ್ಟು ಎಂಬುದು ತಿಳಿದರೆ ಕಥೆ ಮುಗಿಯಿತೆಂದು ಅವರ ಭಾವನೆ. ಆದರೆ ಫಲಿತಾಂಶವನ್ನು ಕೇಳಿದ ಜನ ಅದನ್ನು ಹೇಗೆ ಅರ್ಥಮಾಡಿಕೊಂಡರು, ಗೆದ್ದವರು ಸೋತವರನ್ನು ಕುರಿತು ಏನೆಂದರು, ಸೋತವರು ಗೆದ್ದವರನ್ನು ಯಾವ ಕಣ್ಣಿನಿಂದ ನೋಡಿದರು ಎಂಬುದೂ ಚರಿತ್ರೆಯೇ ಆಗಿದೆ. ಎಷ್ಟೋ ವೇಳೆ ಮುಂದಿನ ರಾಜಕೀಯದ ದಾರಿ ನಿಶ್ಚಯವಾಗುವುದು ಆ ಪ್ರತಿಕ್ರಿಯೆಯಿಂದಲೇ. ೧೯೭೭ರ ಮಾರ್ಚ್ ತಿಂಗಳ ಲೋಕಸಭಾ ಚುನಾವಣೆಯನ್ನು ನಾನು ಈ ದೃಷ್ಟಿಯಿಂದ ನಿಮ್ಮ ಮುಂದಿಡಬಯಸುತ್ತೇನೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನೆಯೋಣ. ೧೯೭೫ರ ಜೂನ್ ೨೫ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಿತು. ವಿರೋಧ ಪಕ್ಷಗಳ ನಾಯಕರು ಸೆರೆಮನೆ ಸೇರಿದರು. ಸಂಸತ್ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಅಲ್ಲಿಯೇ ಬಂಧಿತರಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ದಿನ ಕಳೆದರು. ಶಿವರಾಮ ಕಾರಂತರು ಪದ್ಮಭೂಷಣ ಪ್ರಶಸ್ತಿಯನ್ನು ಸರ್ಕಾರಕ್ಕೆ ಹಿಂದಿರುಗಿಸಿದರು. ೧೯೭೭ರ ಜನವರಿ ೧೮ರಂದು ಇಂದಿರಾ ಗಾಂಧಿಯವರು ಚುನಾವಣೆಯನ್ನು ಘೋಷಿಸಿದರು. ಅದಾದ ಎರಡೇ ದಿನಕ್ಕೆ, 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರ ನೆನಪಿನಲ್ಲಿ ನಿಂತ ಸ್ನೇಹಲತಾ ರೆಡ್ಡಿಯವರು ತೀರಿಕೊಂಡರು. ಬೆಂಗಳೂರಿನ ಸೆರೆಮನೆಯಲ್ಲಿ ಅವರ ಆರೋಗ್ಯ ಪೂರ್ತಿ ಕೆಟ್ಟಿತ್ತು. ಇಷ್ಟನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ತುರ್ತು ಪರಿಸ್ಥಿತಿಯ ನೋವು ಉತ್ತರ ಭಾರತದ ಪಾಲಿನದು ಮಾತ್ರವಾಗಿರಲಿಲ್ಲ.

ಮಾರ್ಚ್ ೧೬ರಿಂದ ೨೦ರವರೆಗೆ ಮತದಾನ ನಡೆಯಿತು. ೨೦ರ ರಾತ್ರಿ ದೆಹಲಿಯಲ್ಲಿ ಪತ್ರಿಕಾ ಕಚೇರಿಗಳ ಸಾಲಿರುವ ಬಹಾದುರ್ ಶಾ ಜಫರ್ ಮಾರ್ಗದಲ್ಲಿ ಜನ ಕಿಕ್ಕಿರಿದು ನೆರೆದರು. ಫಲಿತಾಂಶದ ಫಲಕದ ಮೇಲೆ ಕಾಂಗ್ರೆಸ್ಸಿನ ಸೋಲು ಕಾಣಿಸಿಕೊಂಡಾಗಲೆಲ್ಲ ಜಯಘೋಷ ಕೇಳಿಬರುತ್ತಿತ್ತು. ಸರ್ಕಾರದ ರೇಡಿಯೋ ಹೇಳಿದ್ದನ್ನು ಬಿಬಿಸಿಯ ಸುದ್ದಿಯೊಡನೆ ಹೋಲಿಸಿ ನೋಡಿದ ಮೇಲೆಯೇ ನಂಬುವ ಅಭ್ಯಾಸ ಹಿಂದಿನ ೨೧ ತಿಂಗಳುಗಳಲ್ಲಿ ಜನರಿಗೆ ಬಂದಿತ್ತು. ರಾಯಬರೇಲಿಯಲ್ಲಿ ಪ್ರಧಾನಿಯವರೇ ರಾಜ್ ನಾರಾಯಣ್ ಅವರೆದುರು ೫೫,೦೦೦ಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಅಮೇಥಿಯಲ್ಲಿ ಅವರ ಮಗ ಸಂಜಯ್ ಗಾಂಧಿ ಸೋತಿದ್ದರು. ಮರುದಿನವೇ ತುರ್ತು ಪರಿಸ್ಥಿತಿ ರದ್ದಾಯಿತು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ಫೆಬ್ರವರಿಯಲ್ಲಿ ನಿಧನರಾಗಿದ್ದುದರಿಂದ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಜಮಖಂಡಿ ಸೀಮೆಯ ಬಿ. ಡಿ. ಜತ್ತಿಯವರು, ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಮಾರ್ಚ್ ೨೪ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಸೋತ ಪ್ರಧಾನಿ ಜನರ ತೀರ್ಪಿಗೆ ತಲೆಬಾಗಿ ಅಧಿಕಾರ ಬಿಟ್ಟುಕೊಟ್ಟರು. ಸ್ವತಂತ್ರ ಭಾರತದ ಕೇಂದ್ರದಲ್ಲಿ ಕಾಂಗ್ರೆಸ್ಸಲ್ಲದ ಸರ್ಕಾರ ಬಂದುದು ಅದೇ ಮೊದಲು.

ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ರಾತ್ರಿ ದೆಹಲಿಯ ಬೀದಿಯಲ್ಲಿ ಕುಣಿದವರು ಕಂಡ ಭಾರತವೇ ಬೇರೆ, ದಕ್ಷಿಣದ ಫಲಿತಾಂಶಗಳು ತೋರಿದ ಭಾರತವೇ ಬೇರೆ. ಉತ್ತರ ಪ್ರದೇಶದ ೮೫ ಸ್ಥಾನಗಳಲ್ಲಿ, ಬಿಹಾರದ ೫೪ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ಅದೇ ಕಾಂಗ್ರೆಸ್ಸಿಗೆ ಆಂಧ್ರದ ೪೨ರಲ್ಲಿ ೪೧, ಕರ್ನಾಟಕದ ೨೮ರಲ್ಲಿ ೨೬ ದೊರೆತವು. ಕೇರಳದಲ್ಲಿ ಅದರ ಮೈತ್ರಿಕೂಟವೇ ಎಲ್ಲ ೨೦ ಸ್ಥಾನಗಳನ್ನೂ ಗೆದ್ದಿತು. ಒಂದೇ ವಾರದಲ್ಲಿ ಒಂದೇ ಪ್ರಶ್ನೆಗೆ ಒಂದೇ ದೇಶದ ಜನ ಎರಡು ಉತ್ತರ ಕೊಟ್ಟಂತಾಗಿತ್ತು.

ಈ ಎರಡು ಉತ್ತರಗಳನ್ನು ವಿದ್ಯಾವಂತರು ವಿವರಿಸಿದ ರೀತಿ ಇನ್ನೂ ಸ್ವಾರಸ್ಯವಾಗಿದೆ. ಉತ್ತರದವರು ದೇಶವನ್ನು ಉಳಿಸಿದರು, ದಕ್ಷಿಣದವರಿಗೆ ಸ್ವಾತಂತ್ರ್ಯದ ಬೆಲೆ ತಿಳಿಯಲಿಲ್ಲ ಎಂಬ ಮಾತು ಒಂದು ಕಡೆಯಿಂದ ಬಂದಿತು. ಸೆನ್ಸಾರಿನಿಂದಾಗಿ ದಕ್ಷಿಣದವರಿಗೆ ಸತ್ಯ ಗೊತ್ತಾಗಲಿಲ್ಲವೆಂದು ಕೆಲವರು ಕನಿಕರವನ್ನೂ ತೋರಿದರು. ಇತ್ತ ಕಾಂಗ್ರೆಸ್ಸಿನ ಅಭಿಮಾನಿಗಳು, ಉತ್ತರದವರು ಸಂತಾನಹರಣ ಶಸ್ತ್ರಚಿಕಿತ್ಸೆಯ ಸಿಟ್ಟಿನಲ್ಲಿ ಮತ ಹಾಕಿದರು, ಅದರಲ್ಲಿ ವಿವೇಚನೆ ಎಲ್ಲಿದೆ ಎಂದರು. ಎರಡು ವಾದಗಳೂ ಒಂದಕ್ಕೊಂದು ವಿರುದ್ಧವೆಂದು ಮೇಲುನೋಟಕ್ಕೆ ತೋರುತ್ತದೆ. ನನಗೆ ಅವು ಒಂದೇ ವಾದವಾಗಿ ಕಾಣುತ್ತವೆ. ನಾವು ಹಾಕಿದ್ದು ವಿಚಾರದ ಮತ, ಅವರು ಹಾಕಿದ್ದು ಅವಿಚಾರದ ಮತ ಎಂಬುದೇ ಎರಡರ ತಿರುಳು.

ನಿಜವಾಗಿ ನಡೆದುದೇನು? ೧೯೭೬-೭೭ನೆಯ ಸಾಲಿನಲ್ಲಿ ದೇಶದಲ್ಲಿ ೮೦ ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಬಲಾತ್ಕಾರ ಅತ್ಯಂತ ಕ್ರೂರವಾಗಿದ್ದುದು ಉತ್ತರದ ರಾಜ್ಯಗಳಲ್ಲಿ. ದೆಹಲಿಯ ತುರ್ಕಮಾನ್ ಗೇಟಿನಲ್ಲಿ ಮನೆಗಳು ನೆಲಸಮವಾದವು, ಗುಂಡು ಹಾರಿತು. ತನ್ನ ಮೈಮೇಲೆ ಬಂದ ಆಡಳಿತವನ್ನು ಒಬ್ಬ ರೈತ ಮತದಿಂದ ತಡೆದರೆ ಅದಕ್ಕಿಂತ ದೊಡ್ಡ ವಿವೇಚನೆ ಯಾವುದಿದೆ? ಕರ್ನಾಟಕದಲ್ಲಾದರೋ ಅವು ದೇವರಾಜ ಅರಸರ ದಿನಗಳು. ೧೯೭೪ರ ಭೂಸುಧಾರಣಾ ತಿದ್ದುಪಡಿಯಂತೆ ಭೂ ನ್ಯಾಯಮಂಡಳಿಗಳು ಕೆಲಸ ಮಾಡುತ್ತಿದ್ದವು. ತಲೆಮಾರುಗಳಿಂದ ಗೇಣಿ ಅಳೆದ ಒಕ್ಕಲು ತಾನು ಉಳುವ ನೆಲಕ್ಕೆ ಅರ್ಜಿ ಹಾಕಿ ಕಾದಿದ್ದ. ಹಾವನೂರು ಆಯೋಗದ ವರದಿಯಿಂದ ಹಿಂದುಳಿದ ಜಾತಿಗಳವರಲ್ಲಿ ಹೊಸ ಆಸೆ ಚಿಗುರಿತ್ತು. ಈ ಮತದಾರನೂ ತನ್ನ ಬಾಗಿಲಿಗೆ ಬಂದ ಆಡಳಿತವನ್ನೇ ತೂಗಿ ನೋಡಿದ. ಹಾಗೆಂದು ಸೆರೆಮನೆಯ ಅನ್ಯಾಯ ಅದರಿಂದ ತೊಡೆದುಹೋಗಲಿಲ್ಲ. ಅದನ್ನು ತೂಗಿದವರೂ ನಮ್ಮಲ್ಲಿದ್ದರು. ೧೯೭೩ರಲ್ಲಿ ತಮ್ಮ ಹಿರಿತನವನ್ನು ಕಡೆಗಣಿಸಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಬಂದ ಕೆ. ಎಸ್. ಹೆಗ್ಡೆಯವರನ್ನು ಬೆಂಗಳೂರು ದಕ್ಷಿಣ ಕ್ಷೇತ್ರ ಲೋಕಸಭೆಗೆ ಕಳುಹಿಸಿತು. ಅತ್ತ ಇಡೀ ದೇಶವನ್ನು ತೆಗೆದುಕೊಂಡರೆ, ಸೋತ ಕಾಂಗ್ರೆಸ್ಸಿಗೂ ೧೦೦ಕ್ಕೆ ೩೪ಕ್ಕಿಂತ ಹೆಚ್ಚು ಮತಗಳು ಬಂದಿದ್ದವು. ಸ್ಥಾನಗಳ ಲೆಕ್ಕ ಮುಚ್ಚಿಡುವ ಜನರನ್ನು ಮತಗಳ ಲೆಕ್ಕ ತೋರಿಸುತ್ತದೆ.

ತೀರ್ಪನ್ನು ಹೀಗೆ ಏಕಮುಖವಾಗಿ ಓದಿದ್ದರ ಪರಿಣಾಮ ಬೇಗನೆ ಕಾಣಿಸಿಕೊಂಡಿತು. ಏಪ್ರಿಲ್ ತಿಂಗಳಲ್ಲಿ ಹೊಸ ಕೇಂದ್ರ ಸರ್ಕಾರ, ಲೋಕಸಭೆಯಲ್ಲಿ ಸೋತ ಪಕ್ಷಕ್ಕೆ ರಾಜ್ಯಗಳನ್ನು ಆಳುವ ಹಕ್ಕಿಲ್ಲವೆಂದು ವಾದಿಸಿ, ೯ ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ವಜಾ ಮಾಡಿ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಜತ್ತಿಯವರು ಆ ಕಾಗದಕ್ಕೆ ಕೂಡಲೇ ಸಹಿ ಹಾಕಲಿಲ್ಲ. ಹಿಂದೆಗೆದು, ಬಳಿಕ ಸಂಪುಟದ ಸಲಹೆಗೆ ಒಪ್ಪಿದರು. ಅಂದು ಅವರು ಪಡೆದದ್ದು ಟೀಕೆಯೇ. ಆದರೆ ಆ ಅನುಮಾನದಲ್ಲಿ ಅರ್ಥವಿತ್ತೆಂದು ಮುಂದಿನ ಚರಿತ್ರೆ ತೋರಿಸಿತು. ೧೯೭೮ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ೧೯೮೦ರಲ್ಲಿ ೩೫೩ ಸ್ಥಾನಗಳೊಡನೆ ಪುನಃ ಪ್ರಧಾನಿಯಾದರು. ಅವರ ಸರ್ಕಾರವೂ ಅದೇ ವಾದವನ್ನು ಹೂಡಿ ೯ ವಿಧಾನಸಭೆಗಳನ್ನು ವಿಸರ್ಜಿಸಿತು. ಒಬ್ಬರು ಕೊಟ್ಟ ಪಾಠವನ್ನು ಇನ್ನೊಬ್ಬರು ಅಕ್ಷರ ತಪ್ಪದೆ ಒಪ್ಪಿಸಿದರು. ಈ ಅಧಿಕಾರಕ್ಕೆ ಗಟ್ಟಿಯಾದ ಕಡಿವಾಣ ಬಿದ್ದುದು ೧೯೯೪ರಲ್ಲಿ, ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ.

ಹಾಗಾದರೆ ೧೯೭೭ರ ಆ ಸಂಭ್ರಮದಿಂದ ಉಳಿದು ಬಂದುದು ಏನೂ ಇಲ್ಲವೇ? ಇದೆ. ೧೯೭೮ರಲ್ಲಿ ಸಂವಿಧಾನಕ್ಕೆ ೪೪ನೆಯ ತಿದ್ದುಪಡಿಯಾಯಿತು. ಒಳನಾಡಿನ ಗೊಂದಲವೆಂಬ ಅಸ್ಪಷ್ಟ ನೆಪದಿಂದ ತುರ್ತು ಪರಿಸ್ಥಿತಿಯನ್ನು ಹೇರಲಾಗದಂತೆ, ಸಶಸ್ತ್ರ ಬಂಡಾಯವಿದ್ದರೆ ಮಾತ್ರ ಎಂದು ಅದು ಬದಲಾಯಿಸಿತು. ಸಂಪುಟದ ಲಿಖಿತ ಸಲಹೆಯಿಲ್ಲದೆ ಘೋಷಣೆ ಹೊರಡಬಾರದೆಂದಿತು. ಜೀವದ ಹಕ್ಕನ್ನು ನ್ಯಾಯಾಲಯದಲ್ಲಿ ಕೇಳುವ ಅವಕಾಶವನ್ನು ಎಂಥ ಸಂದರ್ಭದಲ್ಲಿಯೂ ತಡೆಹಿಡಿಯಬಾರದೆಂದಿತು. ಗಮನಿಸಬೇಕಾದುದು ಇದು: ಆಗ ರಾಜ್ಯಸಭೆಯಲ್ಲಿ ಕಾಂಗ್ರೆಸ್ಸಿನದೇ ಬಹುಮತ. ಅದು ಕೆಲವು ಕಲಮುಗಳನ್ನು ತಿರಸ್ಕರಿಸಿತು, ಉಳಿದವನ್ನು ಒಪ್ಪಿತು. ಗೆದ್ದವರು ಸೋತವರ ಒಪ್ಪಿಗೆಯನ್ನು ಕೇಳಲೇಬೇಕಾಗಿದ್ದ ಕೆಲಸ ಅದು. ವಿಧಾನಸಭೆಗಳ ವಿಸರ್ಜನೆ ಪ್ರತೀಕಾರಕ್ಕೆ ದಾರಿಯಾಯಿತು; ಇಬ್ಬರೂ ಸೇರಿ ಕಟ್ಟಿದ ಈ ಬೇಲಿ ಮಾತ್ರ ೧೯೮೦ರ ತಿರುಗುಮುರುಗಿನಲ್ಲಿಯೂ ಅಲುಗಲಿಲ್ಲ, ಇಂದಿಗೂ ನಿಂತಿದೆ.

ಜನಾದೇಶವೆಂಬ ಮಾತನ್ನು ಪ್ರತಿ ಚುನಾವಣೆಯ ಮರುದಿನವೂ ಕೇಳುತ್ತೇವೆ. ಅದನ್ನು ಕೇಳುವಾಗ ೧೯೭೭ನ್ನು ನೆನೆಯುವುದು ಒಳ್ಳೆಯದು. ಅಂದು ರಾಯಬರೇಲಿಯ ರೈತನೂ ಮಂಡ್ಯದ ಒಕ್ಕಲಿಗನೂ ತಮ್ಮ ತಮ್ಮ ಅನುಭವಕ್ಕೆ ಪ್ರಾಮಾಣಿಕವಾಗಿ ಮತ ಹಾಕಿದರು. ಅವರಲ್ಲಿ ಒಬ್ಬನನ್ನು ಜಾಣನೆಂದೂ ಮತ್ತೊಬ್ಬನನ್ನು ದಡ್ಡನೆಂದೂ ಕರೆದವರು ದೂರದಲ್ಲಿ ಕುಳಿತವರು.